ಸ್ಟಾರ್ ಚಾರ್ಟ್, ಕ್ವಿಜ್, ಹಂಚಿ ಓದು, ಹತ್ತಿ ಲೆಕ್ಕ: ನಮ್ಮ ಏಳನೇ ತರಗತಿಯಲ್ಲಿ ಯಾವುದು ಎಷ್ಟು ದಿನ ನಿಂತಿತು?

ರಾಯಚೂರು ಜಿಲ್ಲೆಯ ಮಸ್ಕಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಗಣಿತ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಟೀಚರ್‌ಗಳು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: ಮಕ್ಕಳಿಗೆ ಹುರುಪು ಬರಿಸೋದು ಹೇಗೆ? ಒಬ್ಬರು ಸ್ಟಾರ್ ಕೊಡಿ ಅಂತಾರೆ. ಇನ್ನೊಬ್ಬರು ಕ್ವಿಜ್ ಇಡಿ ಅಂತಾರೆ. ಗುಂಪು ಮಾಡಿ, ಪ್ರಾಜೆಕ್ಟ್ ಮಾಡಿಸಿ ಅನ್ನೋರೂ ಇದ್ದಾರೆ. ನಾನು ಈ ನಾಲ್ಕನ್ನೂ ಒಂದೇ ತರಗತಿಯಲ್ಲಿ, ಅದೇ ಮಕ್ಕಳ ಜೊತೆ ಮಾಡಿ ನೋಡಿದ್ದೇನೆ.

ಹೋಲಿಸುವಾಗ ಮೂರು ವಿಷಯ ಗಮನಿಸಿದೆ. ಹಿಂದಿನ ಸಾಲಿನ ಮಗು ಬಾಯಿ ಬಿಡುತ್ತದಾ? ನಾನು ನಿಲ್ಲಿಸಿದ ಮೇಲೂ ಮಕ್ಕಳು ಮುಂದುವರಿಸುತ್ತಾರಾ? ಹತ್ತಿ ಬಿಡಿಸೋ ಕಾಲ ಬಂದಾಗ ಎಷ್ಟು ಮಕ್ಕಳು ಶಾಲೆಗೆ ಬರುತ್ತಾರೆ? ನಮ್ಮ ಕಡೆಯವರಿಗೆ ಮೂರನೆಯದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರ್ ಬಂತೆಂದರೆ ತರಗತಿ ಖಾಲಿಯಾಗುತ್ತಾ ಹೋಗುತ್ತದೆ. ಕೆಲವರು ತಾಯಿಯ ಜೊತೆ ಹೊಲಕ್ಕೆ ಹೋಗುತ್ತಾರೆ, ಕೆಲವರು ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ.

ಸ್ಟಾರ್ ಚಾರ್ಟ್ ಎಲ್ಲಕ್ಕಿಂತ ಸುಲಭ. ಒಂದು ಡ್ರಾಯಿಂಗ್ ಶೀಟು, ಎಲ್ಲರ ಹೆಸರು, ಹೋಮ್‌ವರ್ಕ್ ಮಾಡಿದವರಿಗೆ ಒಂದು ಸ್ಟಾರ್, ಹತ್ತು ಸ್ಟಾರ್ ಆದರೆ ಒಂದು ಪೆನ್. ಖರ್ಚು ಜಾಸ್ತಿ ಇಲ್ಲ, ಫಲ ತಕ್ಷಣ ಕಾಣುತ್ತದೆ. ನೋಟ್‌ಬುಕ್ ಮರೆತು ಬರುತ್ತಿದ್ದವರೂ ತರಲು ಶುರು ಮಾಡಿದರು. ಆದರೆ ಸ್ವಲ್ಪ ದಿನಕ್ಕೇ ಒಂದು ಹೊಸ ಪ್ರಶ್ನೆ ಕಿವಿಗೆ ಬೀಳತೊಡಗಿತು: "ಟೀಚರ್, ಇದಕ್ಕ ಸ್ಟಾರ್ ಕೊಡ್ತೀರೇನ್ರಿ?" ಕೊಡಲ್ಲ ಅಂದರೆ ಪೆನ್ನು ಕೆಳಗೆ. ಮೊದಲು ಸುಮ್ನೆ ಖುಷಿಗೆ ನಕಾಶೆ ಬಿಡಿಸುತ್ತಿದ್ದ ಹುಡುಗನೂ ಹಾಗೇ ಕೇಳಿದ.

ಇದು ನಮ್ಮ ತರಗತಿಯದಷ್ಟೇ ಕಥೆಯಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸಲು ತಾವಾಗಿಯೇ ಇಷ್ಟಪಡುವ ಮಕ್ಕಳನ್ನೇ ಅದಕ್ಕೆ ಆರಿಸಿದ್ದರು. ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಆಮೇಲೆ ಮಕ್ಕಳನ್ನು ತಮ್ಮ ಪಾಡಿಗೆ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಬಹುಮಾನದಿಂದ ಆ ಹಾನಿ ಆಗಿರಲಿಲ್ಲ. ಅಂದರೆ ಇಷ್ಟದ ಕೆಲಸಕ್ಕೆ ಮೊದಲೇ ಆಸೆ ಹಚ್ಚಬಾರದು.

ಹಾಗಂತ ಸ್ಟಾರ್ ಪೂರ್ತಿ ಬಿಟ್ಟಿಲ್ಲ. ಮಗ್ಗಿ ಬಾಯಿಪಾಠ, ಉಗುರು ಕತ್ತರಿಸಿಕೊಂಡು ಬರೋದು, ಇಂಥ ಬೇಸರದ ಕೆಲಸಕ್ಕೆ ಅದು ಚೆನ್ನಾಗಿದೆ. ಚಾರ್ಟ್ ಮಾತ್ರ ಗೋಡೆಯಿಂದ ತೆಗೆದಿದ್ದೇನೆ. ಒಂದೂ ಸ್ಟಾರ್ ಇಲ್ಲದ ಹೆಸರು ದಿನವೂ ಎಲ್ಲರ ಕಣ್ಣಿಗೆ ಬೀಳುವುದು ಸರಿಯಲ್ಲ, ಅಲ್ವಾ? ಈಗ ನೋಟ್‌ಬುಕ್‌ನಲ್ಲೇ ಒಂದು ಸಾಲು ಬರೆಯುತ್ತೇನೆ. "ಮೂರನೇ ಲೆಕ್ಕಕ್ಕೆ ಬೇರೆ ದಾರಿ ಹುಡುಕಿದ್ದೀಯ, ನಾಳೆ ಬೋರ್ಡ್ ಮೇಲೆ ತೋರಿಸು." ಬರೀ 'ಗುಡ್' ಅಂತ ಬರೆದರೆ ಮಕ್ಕಳು ಪುಟ ತಿರುಗಿಸುತ್ತಾರೆ. ಏನು ಚೆನ್ನಾಗಿದೆ ಅಂತ ಬರೆದರೆ ಪಕ್ಕದವರಿಗೆ ತೋರಿಸುತ್ತಾರೆ.

ಕ್ವಿಜ್ ಬಗ್ಗೆ ಹೆಚ್ಚು ಹೇಳೋಕೆ ಇಲ್ಲ. ಕೃಷ್ಣಾ ತಂಡ, ತುಂಗಭದ್ರಾ ತಂಡ ಅಂತ ಮಾಡಿ ಪ್ರಶ್ನೆ ಕೇಳಿದರೆ ಗದ್ದಲವೋ ಗದ್ದಲ. ನೋಡೋರಿಗೆ ತರಗತಿ ತುಂಬ ಚುರುಕಾಗಿದೆ ಅನಿಸುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿ ತಂಡದಲ್ಲಿ ಇಬ್ಬರೇ ಉತ್ತರ ಹೇಳುತ್ತಿರುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಿರುತ್ತಾರೆ. ಒಂದು ಬದಲಾವಣೆ ಮಾಡಿದ ಮೇಲೆ ಸುಧಾರಿಸಿತು. ತಂಡದವರು ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು, ಆಮೇಲೆ ನಾನು ಚೀಟಿ ಎತ್ತುತ್ತೇನೆ, ಹೆಸರು ಬಂದವರು ಉತ್ತರ ಹೇಳಬೇಕು. ಆಗ ಜಾಣರೇ ಹಿಂದಿನವರಿಗೆ ಹೇಳಿಕೊಡುತ್ತಾರೆ. ಆದರೂ ಕ್ವಿಜ್‌ನಿಂದ ಬರೋದು ನೆನಪಿನ ಉತ್ತರ ಮಾತ್ರ. ಶನಿವಾರ ಮುಂಜಾನೆ ಶಾಲೆಗೆ, ಕಲಿತದ್ದನ್ನು ಮತ್ತೆ ತಿರುವಿಹಾಕಲು ಅದು ಸಾಕು.

ಮೂರನೆಯದು ಹಂಚಿ ಓದು. ಇಂಗ್ಲಿಷಿನಲ್ಲಿ ಇದನ್ನು ಜಿಗ್ಸಾ ಅಂತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಎಲಿಯಟ್ ಅರಾನ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಶುರು ಮಾಡಿದರು. ಅಲ್ಲಿ ಅದುವರೆಗೆ ಬೇರೆ ಬೇರೆ ಶಾಲೆಯಲ್ಲಿದ್ದ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಿದ್ದರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಅರಾನ್‌ಸನ್ ಒಂದು ಪಾಠವನ್ನು ಚೂರು ಮಾಡಿ, ಗುಂಪಿನ ಪ್ರತಿ ಮಗುವಿಗೆ ಒಂದೊಂದು ಚೂರು ಕೊಟ್ಟರು. ಪೂರ್ತಿ ಪಾಠ ಬೇಕು ಅಂದರೆ ಪಕ್ಕದವರ ಮಾತು ಕೇಳಲೇಬೇಕು.

ನಾನು ಇದಕ್ಕೆ ಆರಿಸಿದ್ದು ನಮ್ಮ ಮಸ್ಕಿಯ ಅಶೋಕನ ಶಾಸನ. ನಾಲ್ಕು ಚೂರು ಮಾಡಿದೆ. ಒಂದು: ಬಂಡೆಯ ಮೇಲಿನ ಬರಹ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಎರಡು: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಓದಿದರು. ಆದರೆ ಆಗ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು, ರಾಜನ ಹೆಸರು ಇರಲಿಲ್ಲ. ಮೂರು: 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಈ ಶಾಸನ ಕಂಡರು. ನಾಲ್ಕು: ಅದರಲ್ಲಿ 'ಅಶೋಕ' ಎಂಬ ಹೆಸರೇ ಇತ್ತು, ಹಾಗಾಗಿ ದೇವಾನಾಂಪ್ರಿಯ ಯಾರು ಅನ್ನೋ ಅನುಮಾನ ತೀರಿತು.

ಒಂದೊಂದೇ ಚೂರು ಓದಿದರೆ ಕಥೆ ಅರ್ಥವೇ ಆಗಲ್ಲ. ಮೂರನೇ ಚೂರಿನ ಹುಡುಗನಿಗೆ ಎಂಜಿನಿಯರ್ ಗೊತ್ತು, ಆದರೆ ಆ ಕಲ್ಲಿಗೆ ಯಾಕೆ ಅಷ್ಟು ಬೆಲೆ ಅಂತ ಗೊತ್ತಿಲ್ಲ. ಅದನ್ನು ನಾಲ್ಕನೇ ಚೂರಿನ ಹುಡುಗಿ ಹೇಳಬೇಕು. ಅವಳು ನನ್ನೆದುರು ಎದ್ದು ನಿಂತು ಮಾತಾಡಿದ್ದೇ ಕಡಿಮೆ. ಅವತ್ತು ಮೂವರು ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು, ಅವಳು ಬೆರಳಿಟ್ಟು ಓದಿ ಹೇಳಿದಳು. ಆಮೇಲೆ ಒಬ್ಬ ಕೇಳಿದ, "ಟೀಚರ್, ರಾಜ ಅಷ್ಟು ದೂರ ಇದ್ದ, ನಮ್ಮ ಗುಡ್ಡಕ್ಕ ಯಾಕ ಬರಸ್ಯಾನ್ರಿ?" ನಾನು ಹಟ್ಟಿ ಚಿನ್ನದ ಗಣಿ ಇರುವ ಸೀಮೆ ಇದು, ಚಿನ್ನವೂ ಒಂದು ಕಾರಣ ಇದ್ದೀತು ಎಂದು ಇತಿಹಾಸ ಓದಿದವರು ಕೆಲವರು ಹೇಳುತ್ತಾರೆ ಅಂದೆ. ಗಂಟೆ ಬಾರಿಸಿದರೂ ಮಾತು ನಿಲ್ಲಲಿಲ್ಲ.

ಹಂಚಿ ಓದಿಗೆ ಎರಡು ತೊಡಕುಗಳಿವೆ. ಓದಲು ಕಷ್ಟಪಡುವ ಮಗುವಿನ ಕೈಗೆ ಚೂರು ಕೊಟ್ಟರೆ ಗುಂಪೇ ಸಿಟ್ಟಾಗುತ್ತದೆ. ಅದಕ್ಕೇ ಒಂದೇ ಚೂರು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ಓದಿಕೊಳ್ಳಬೇಕು, ಆಮೇಲೆ ತಮ್ಮ ಗುಂಪಿಗೆ ಹೋಗಬೇಕು. ಈ ಹಂತ ಬಿಟ್ಟರೆ ಎಲ್ಲಾ ಕೆಟ್ಟಂತೆ. ನಮ್ಮ ಮಕ್ಕಳಿಗೆ ಇದು ಹೊಸದೂ ಅಲ್ಲ. ಒಂದರಿಂದ ಮೂರನೇ ತರಗತಿವರೆಗೆ ಅವರು ನಲಿಕಲಿಯಲ್ಲಿ ಗುಂಪಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟೇ ಕಲಿತವರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಅವರನ್ನು ಸಾಲಾಗಿ ಕೂರಿಸಿ, ಆ ಅಭ್ಯಾಸವನ್ನೇ ಮರೆಸಿಬಿಡುತ್ತೇವೆ. ನನಗೆ ಇದು ತುಂಬ ಬೇಸರದ ಸಂಗತಿ.

ಎರಡನೇ ತೊಡಕು ಗೈರುಹಾಜರಿ. ಒಂದು ಮಗು ಬರದಿದ್ದರೆ ಒಂದು ಚೂರೇ ಇಲ್ಲ. ಹತ್ತಿ ಕಾಲದಲ್ಲಿ ಒಂದೇ ಚೂರನ್ನು ಇಬ್ಬರಿಗೆ ಕೊಡಬೇಕಾಗುತ್ತದೆ. ಅಷ್ಟು ಮಾಡಿದರೂ ಬಾರದ ಮಕ್ಕಳನ್ನು ಅದು ಕರೆತರಲ್ಲ.

ಕರೆತಂದಿದ್ದು ಹತ್ತಿ ಲೆಕ್ಕ. ದತ್ತಾಂಶದ ಪಾಠ ಬಂದಾಗ ಪುಸ್ತಕದ ಲೆಕ್ಕ ಬದಿಗಿಟ್ಟು, ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ: ಹತ್ತಿ ಬಿಡಿಸಿದರೆ ಕೆ.ಜಿ.ಗೆ ಎಷ್ಟು ಕೂಲಿ? ದಿನಕ್ಕೆ ಎಷ್ಟು ಕೆ.ಜಿ. ಆಗುತ್ತದೆ? ಮೊದಲ ಸಲ ಬಿಡಿಸುವಾಗ ಎಷ್ಟು, ಕೊನೆಗೆ ಎಷ್ಟು? ಮರುದಿನ ತರಗತಿಯ ರೂಪವೇ ಬದಲಾಗಿತ್ತು. ಹಲವು ದಿನ ಬಾರದಿದ್ದ ಹುಡುಗಿಯೊಬ್ಬಳು ಬಂದಿದ್ದಳು. ಅವಳಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿತ್ತು. ಬೆಳಗಿನ ಮಂಜಿಗೆ ನೆನೆದ ಹತ್ತಿ ತೂಕ ಹೆಚ್ಚು ತೋರಿಸುತ್ತದೆ, ಅದಕ್ಕೇ ಹೊಲದವರು ಬಿಸಿಲೇರಿದ ಮೇಲೆ ಬಿಡಿಸಿ ಅನ್ನುತ್ತಾರೆ ಎಂದಳು. ಚೀಲದ ತೂಕ ಕಳೆಯೋದನ್ನೂ ಅವಳೇ ಬೋರ್ಡ್ ಮೇಲೆ ತೋರಿಸಿದಳು.

ಸರಾಸರಿ ಕೂಲಿ ತೆಗೆದಾಗ ಅವಳೇ ಕೇಳಿದಳು, "ಟೀಚರ್, ಇಷ್ಟು ಕೂಲಿ ಯಾರಿಗೂ ಸಿಕ್ಕೇ ಇಲ್ಲಲ್ರಿ?" ಪಟ್ಟಿ ಮತ್ತೆ ನೋಡಿದೆವು. ನಿಜ, ಆ ಮೊತ್ತ ಯಾರ ಮನೆಯಲ್ಲೂ ಇರಲಿಲ್ಲ. ಒಂದೆರಡು ಮನೆಯವರ ದೊಡ್ಡ ಮೊತ್ತ ಸರಾಸರಿಯನ್ನು ಮೇಲಕ್ಕೆ ಎಳೆದಿತ್ತು. ಮಧ್ಯಾಂಕ ಯಾಕೆ ಬೇಕು ಅಂತ ನಾನು ವಿವರಿಸಬೇಕಾಗಲೇ ಇಲ್ಲ. ಎಲ್ಲರ ಕೂಲಿಯನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದು, ನಡುವಿನ ಮನೆ ಹುಡುಕಿದರು.

ಕೊನೆಗೆ ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಸ್ತಂಭಾಲೇಖ ಮಾಡಿ, ಗೋಡೆ ಪತ್ರಿಕೆಯಾಗಿ ಶಾಲೆಯ ಗೇಟಿನ ಹತ್ತಿರ ಅಂಟಿಸಿದೆವು. ಓದಲು ಬಾರದ ತಾಯಂದಿರಿಗೆ ಮಕ್ಕಳೇ ಓದಿ ಹೇಳಿದರು. ಒಬ್ಬ ತಾಯಿ ಯಾವ ಕಂಬ ತನ್ನದು ಅಂತ ಕೇಳಿದರು. ನನ್ನ ಪಾಲಿಗೆ ದೊಡ್ಡ ವ್ಯತ್ಯಾಸ ಇಲ್ಲೇ ಇತ್ತು. ಸ್ಟಾರ್, ಕ್ವಿಜ್ ಎರಡರಲ್ಲೂ ಮಗುವಿನ ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ. ಹತ್ತಿ ಲೆಕ್ಕದಲ್ಲಿ ಮಗು ತಂದ ಅಂಕಿ ನನಗೂ ಹೊಸದು, ಊರಿಗೂ ಬೇಕಾದದ್ದು. ಅದಿಲ್ಲದೆ ಪಾಠ ಮುಂದೆ ಹೋಗಲ್ಲ ಅಂತ ಮಗುವಿಗೆ ಗೊತ್ತಾಗುತ್ತದೆ.

ಇದಕ್ಕೂ ಎಚ್ಚರ ಬೇಕು. ಕೂಲಿ ಮನೆಯ ಒಳಗಿನ ವಿಷಯ, ಹಾಳೆಯ ಮೇಲೆ ಯಾರ ಹೆಸರೂ ಬರಬಾರದು. ಹೇಳಲು ಇಷ್ಟವಿಲ್ಲದ ಮನೆಯನ್ನು ಒತ್ತಾಯಿಸಬಾರದು. ಮಗು ಹೊಲಕ್ಕೆ ಹೋಗೋದೇ ಸರಿ ಅಂದ ಹಾಗೂ ಆಗಬಾರದು. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಜೊತೆ ಮನೆಮನೆಗೆ ಹೋಗಿ, ಲೆಕ್ಕಕ್ಕೆ ನಿಮ್ಮ ಮಾತು ಸಾಕು, ಮಗು ಶಾಲೆಯಲ್ಲೇ ಇರಲಿ ಎಂದು ಹೇಳಿ ಬಂದೆ. ಸಮಯವೂ ಹಿಡಿಯುತ್ತದೆ. ಒಂದು ಪಾಠಕ್ಕೆ ಎರಡು ಪಾಠದಷ್ಟು ಪೀರಿಯಡ್ ಹೋಯಿತು. ಎಲ್ಲಾ ಪಾಠಕ್ಕೂ ಹೀಗೆ ಮಾಡಿದರೆ ಸಿಲಬಸ್ ಮುಗಿಯಲ್ಲ.

ಹೊಸದಾಗಿ ಶುರು ಮಾಡುವ ಟೀಚರ್‌ಗೆ ನನ್ನ ಸಲಹೆ ಹೀಗಿದೆ. ಜೂನ್, ಜುಲೈನಲ್ಲಿ ಮಕ್ಕಳು ಇನ್ನೂ ಹೊಂದಿಕೊಳ್ಳುತ್ತಿರುವಾಗ ಚೀಟಿ ಕ್ವಿಜ್ ಸಾಕು. ಆಗಸ್ಟ್‌ನಿಂದ ತಿಂಗಳಿಗೆ ಎರಡು ಪಾಠ ಹಂಚಿ ಓದಿಸಿ, ಒಂದು ಚೂರು ಹತ್ತು ಸಾಲು ದಾಟದಿರಲಿ. ಊರಿನ ಲೆಕ್ಕ ವರ್ಷಕ್ಕೆ ಎರಡೇ ಇರಲಿ, ಅದರಲ್ಲಿ ಒಂದನ್ನು ಹತ್ತಿ ಕಾಲಕ್ಕೇ ಎತ್ತಿಡಿ. ಭತ್ತ ಹೆಚ್ಚು ಬೆಳೆಯುವ ಸಿಂಧನೂರು, ಗಂಗಾವತಿ ಕಡೆ ನಾಟಿ ಕೂಲಿ ತೆಗೆದುಕೊಳ್ಳಬಹುದು. ಮರದ ಗೊಂಬೆ ಮಾಡುವ ಕೊಪ್ಪಳದ ಕಿನ್ನಾಳದಂಥ ಊರಲ್ಲಾದರೆ ಒಂದು ಗೊಂಬೆಗೆ ಮರ, ಬಣ್ಣ, ದಿನ ಎಷ್ಟು ಬೇಕು ಅಂತ ಕೇಳಿಸಬಹುದು. ನಮ್ಮ ಏಳನೇ ತರಗತಿಯವರು ಈ ಸಲ ಊರಿನ ಬೋರ್‌ವೆಲ್‌ಗಳ ಆಳದ ಪಟ್ಟಿ ಮಾಡುತ್ತೇವೆ ಎಂದು ತಾವೇ ಕೇಳಿದ್ದಾರೆ. ಯಾವ ವರ್ಷ ಕೊರೆಸಿದ್ದು ಅನ್ನೋ ಕಾಲಂ ಕೂಡ ಇರಲಿ ಅಂತ ಹೇಳಿದ್ದೇನೆ.