ತುರ್ತು ವಿಭಾಗವೋ, ಐಸಿಯುವೋ?

ಕೆಲಸಕ್ಕೆ ತುರ್ತು ವಿಭಾಗ ಆರಿಸಲೋ, ಐಸಿಯು (ತೀವ್ರ ನಿಗಾ ಘಟಕ) ಆರಿಸಲೋ ಎಂದು ಯೋಚಿಸುತ್ತಿರುವ ಯುವ ವೈದ್ಯರಿಗೆ ಈ ಮಾತು. ಗಂಭೀರ ರೋಗಿಗಳು ಎರಡೂ ಕಡೆ ಇರುತ್ತಾರೆ, ಕೆಲಸದ ಗತಿ ಮಾತ್ರ ಬೇರೆ.

ತುರ್ತು ವಿಭಾಗಕ್ಕೆ ಬರುವವರು ರೋಗದ ಹೆಸರು ಹೊತ್ತು ಬರುವುದಿಲ್ಲ. ಎದೆನೋವು ಎಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅದನ್ನು ಓದುತ್ತಿರುವಾಗಲೇ ಪಕ್ಕದ ಹಾಸಿಗೆಯ ಮಗುವಿಗೆ ಫಿಟ್ಸ್ ಬಂದಿರುತ್ತದೆ. ಪಾರ್ಶ್ವವಾಯು ಎಂದರೆ ಮೊದಲ ಪ್ರಶ್ನೆ, ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ? ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಅಲ್ಲಿಂದ ಸಾಮಾನ್ಯವಾಗಿ 4.5 ಗಂಟೆಯ ಗಡುವು. ಅರೆಬರೆ ಮಾಹಿತಿಯಲ್ಲೇ ತೀರ್ಮಾನ ಮಾಡಬೇಕು, ಅದರ ನಡುವೆ ಹತ್ತು ಜನ ಕರೆಯುತ್ತಿರುತ್ತಾರೆ. ಇದು ಹಿಂಸೆ ಅನಿಸಿದರೆ ಇತ್ತ ಬರಬೇಡಿ. ವಾರ್ಡಿಗೆ ಹೋದ ರೋಗಿ ಏನಾದರೆಂದು ನೀವಾಗಿ ವಿಚಾರಿಸದಿದ್ದರೆ ಗೊತ್ತೂ ಆಗದು. ಪಾಳಿ ಮುಗಿದ ಮೇಲೆ ಫೋನ್ ಕಾಟ ಕಡಿಮೆ, ನಿಜ. ಆದರೆ ರಾತ್ರಿ ಪಾಳಿ ವಯಸ್ಸಾದಂತೆ ಭಾರವಾಗುತ್ತದೆ.

ಐಸಿಯುನಲ್ಲಿ ರೋಗಿಗಳು ಕಡಿಮೆ, ಆಳ ಹೆಚ್ಚು. ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸುವುದೇ ಕೆಲವೊಮ್ಮೆ ದಿನಗಟ್ಟಲೆಯ ಲೆಕ್ಕಾಚಾರ. ಕುಟುಂಬದವರ ಜೊತೆಗಿನ ಕಷ್ಟದ ಮಾತು ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಯಾವುದೆಂದು ಇನ್ನೂ ನಿರ್ಧರಿಸದವರು ಮೊದಲು ತುರ್ತು ವಿಭಾಗದಲ್ಲಿ ಸ್ವಲ್ಪ ಕಾಲ ದುಡಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾರ ಸ್ಥಿತಿ ಕೈಮೀರುತ್ತಿದೆ ಎಂದು ನೋಟದಲ್ಲೇ ಗುರುತಿಸುವ ಅಭ್ಯಾಸ ಐಸಿಯುಗೂ ಬೇಕು.