ಹಳೇ ಡ್ರೈವರ್ ಅಳಿಸುವ ನಾಲ್ಕು ದಾರಿ, ಮತ್ತೆ ಒಂದು 20ನೇ ತಾರೀಕು

ಅಕ್ಕ ತುಮಕೂರಿನಲ್ಲಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡುತ್ತಾಳೆ. ಅವಳ ಆಫೀಸಿನ ಡೆಸ್ಕ್‌ಟಾಪಿಗೆ ಏಳು ವರ್ಷ. 240 ಜಿಬಿ ಎಸ್‌ಎಸ್‌ಡಿಯಲ್ಲಿ 9 ಜಿಬಿ ಮಾತ್ರ ಖಾಲಿ ಉಳಿದಿತ್ತು. "ಬೇಡದ್ದೆಲ್ಲ ತೆಗೆದುಹಾಕು ಕಣೋ, ಆದ್ರೆ ನನ್ನ ಕೆಲಸ ಮಾತ್ರ ನಿಲ್ಲಬಾರದು" ಅಂದಳು. ಬೇಡದ್ದು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಕಂಪ್ಯೂಟರಿಗೆ ಇಷ್ಟು ವರ್ಷದಲ್ಲಿ ಮೂರು ಪ್ರಿಂಟರ್, ಎರಡು ಸ್ಕ್ಯಾನರ್, ಲೆಕ್ಕ ಇಡದಷ್ಟು ಡೇಟಾ ಕಾರ್ಡ್ ಚುಚ್ಚಿದ್ದಾರೆ. ಪ್ರತಿಯೊಂದೂ ತನ್ನ ಡ್ರೈವರನ್ನು, ಅಂದರೆ ಆ ಸಾಧನ ನಡೆಸಲು ವಿಂಡೋಸ್‌ಗೆ ಬೇಕಾದ ಸಣ್ಣ ಸಾಫ್ಟ್‌ವೇರನ್ನು, ಬಿಟ್ಟೇ ಹೋಗಿದೆ. ಆ ಡೆಸ್ಕ್‌ಟಾಪ್ ಮತ್ತು ನನ್ನ ಹಳೇ ಲ್ಯಾಪ್‌ಟಾಪ್ ಎರಡರ ಮೇಲೂ ನಾಲ್ಕು ದಾರಿ ಪ್ರಯತ್ನಿಸಿದೆ.

ಮೊದಲು ವಿಂಡೋಸ್‌ನಲ್ಲೇ ಇರುವುದು. ಡಿಸ್ಕ್ ಕ್ಲೀನಪ್ ತೆರೆದು 'ಕ್ಲೀನಪ್ ಸಿಸ್ಟಂ ಫೈಲ್ಸ್' ಒತ್ತಿದರೆ 'ಡಿವೈಸ್ ಡ್ರೈವರ್ ಪ್ಯಾಕೇಜಸ್' ಅಂತ ಒಂದು ಸಾಲು ಸಿಗುತ್ತದೆ. ಟಿಕ್ ಹಾಕಿ ಓಕೆ ಕೊಟ್ಟರೆ ಆಯಿತು. ಭಯ ಪಡುವಂಥದ್ದೇನೂ ಇಲ್ಲ, ಆದರೆ ಅಕ್ಕನ ಮಷೀನಿನಲ್ಲಿ ಅರ್ಧ ಜಿಬಿಯೂ ಸಿಗಲಿಲ್ಲ.

ವಿಂಡೋಸ್‌ನದೇ ಡಿವೈಸ್ ಮ್ಯಾನೇಜರ್, ಅಂದರೆ ಜೋಡಿಸಿದ ಸಾಧನಗಳ ಪಟ್ಟಿ, ಸ್ವಲ್ಪ ಆಳಕ್ಕೆ ಹೋಗುತ್ತದೆ. ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿದ ತಕ್ಷಣ ಮಸುಕಾದ ಐಕಾನ್‌ಗಳ ಸಂತೆಯೇ ಎದ್ದು ನಿಲ್ಲುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮಸುಕಾಗಿದೆ ಅಂದರೆ ಕಸ ಅಂತಲ್ಲ, ಈಗ ಚುಚ್ಚಿಲ್ಲ ಅಂತ ಅಷ್ಟೇ. ನಿನ್ನೆ ಬಳಸಿ ಜೇಬಿಗೆ ಹಾಕಿಕೊಂಡ ಪೆನ್‌ಡ್ರೈವ್ ಕೂಡ ಅಲ್ಲಿ ಮಸುಕಾಗಿಯೇ ಕಾಣುತ್ತದೆ. ಅನ್‌ಇನ್‌ಸ್ಟಾಲ್ ಕೊಟ್ಟಾಗ ಡ್ರೈವರನ್ನೂ ಅಳಿಸಬೇಕಾ ಅಂತ ಕೇಳುವ ಒಂದು ಟಿಕ್ ಬಾಕ್ಸ್ ಬರುತ್ತದೆ. ಅದನ್ನು ಖಾಲಿ ಬಿಟ್ಟರೆ ಬರೀ ಹೆಸರು ಹೋಗುತ್ತದೆ, ಮತ್ತೆ ಚುಚ್ಚಿದಾಗ ವಿಂಡೋಸ್ ತಾನೇ ಜೋಡಿಸಿಕೊಳ್ಳುತ್ತದೆ. ಟಿಕ್ ಹಾಕಿದರೆ ಡ್ರೈವರನ್ನು ಮತ್ತೆ ನೀವೇ ಹುಡುಕಬೇಕಾಗಬಹುದು. ನಾನು ಖಾಲಿ ಬಿಟ್ಟೆ. ಜಾಗವೇನೂ ಉಳಿಯಲಿಲ್ಲ, ಕಣ್ಣಿಗೆ ಮಾತ್ರ ಹಿತ.

ಜಾಗ ನಿಜವಾಗಿ ಸಿಕ್ಕಿದ್ದು ಎರಡನೇ ದಾರಿಯಲ್ಲಿ. ಡ್ರೈವರ್‌ಸ್ಟೋರ್ ಎಕ್ಸ್‌ಪ್ಲೋರರ್ ಅಂತ ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ವಿಂಡೋಸ್ ತಾನು ಹಾಕಿಕೊಂಡ ಡ್ರೈವರ್‌ಗಳನ್ನೆಲ್ಲ ಸಿಸ್ಟಂ32 ಒಳಗಿನ ಡ್ರೈವರ್‌ಸ್ಟೋರ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಹೊಸದು ಬಂದರೂ ಹಳೆಯದು ಅಲ್ಲೇ ಬಿದ್ದಿರುತ್ತದೆ. ಈ ಸಾಫ್ಟ್‌ವೇರ್ ಅವುಗಳ ಗಾತ್ರ, ಆವೃತ್ತಿ, ತಾರೀಕು, ಯಾವ ಡಿವೈಸಿನದ್ದು ಅನ್ನೋದನ್ನೆಲ್ಲ ಪಟ್ಟಿ ಮಾಡಿ ತೋರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಗ್ರಾಫಿಕ್ಸ್ ಡ್ರೈವರಿನ ಐದು ಆವೃತ್ತಿ ಕೂತಿದ್ದವು, ಒಂದೊಂದೂ ಒಂದು ಜಿಬಿ ಮೇಲೆ. 'ಸೆಲೆಕ್ಟ್ ಓಲ್ಡ್ ಡ್ರೈವರ್ಸ್' ಒತ್ತಿ, ಒಂದೊಂದು ಸಾಲನ್ನೂ ಓದಿ ಅಳಿಸಿದೆ. ಸುಮಾರು 5 ಜಿಬಿ ಬಂತು. 'ಫೋರ್ಸ್ ಡಿಲೀಷನ್' ಟಿಕ್ ಮುಟ್ಟಲಿಲ್ಲ. ಬಳಕೆಯಲ್ಲಿರುವ ಡ್ರೈವರ್ ಆದರೆ ವಿಂಡೋಸ್ ತಾನೇ ಬೇಡ ಅನ್ನುತ್ತದೆ. ಆ ಟಿಕ್ ಹಾಕಿದರೆ ಆ ತಡೆಯನ್ನೂ ನಾವೇ ಕಿತ್ತ ಹಾಗೆ. ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸ್‌ನದೇ ಪಿಎನ್‌ಪಿಯುಟಿಲ್ ಕಮಾಂಡ್ ಬಳಸಿಯೂ ಇದೇ ಕೆಲಸ ಮಾಡಬಹುದು. ಆದರೆ ಅಲ್ಲಿ ಎಲ್ಲದಕ್ಕೂ ಒಇಎಂ12, ಒಇಎಂ37 ಅಂತ ಹೆಸರು. ಕಣ್ಣು ತಪ್ಪಿದರೆ ಬೇರೆಯದೇ ಹೋಗುತ್ತದೆ.

ಮೂರನೆಯದು ರೇವೋ ಅನ್‌ಇನ್‌ಸ್ಟಾಲರ್. ಇದು ಸಾಫ್ಟ್‌ವೇರ್ ತೆಗೆದ ಮೇಲೆ ಉಳಿದ ಫೈಲು, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸಾಲುಗಳನ್ನು ಹುಡುಕಿ ಕೊಡುತ್ತದೆ. ಸೇಫ್, ಮಾಡರೇಟ್, ಅಡ್ವಾನ್ಸ್‌ಡ್ ಅಂತ ಹುಡುಕಾಟದ ಮೂರು ಮಟ್ಟ. ಹಳೇ ಆಂಟಿವೈರಸ್ ಒಂದರ ಬಾಲ ಕತ್ತರಿಸಲು ಮಾಡರೇಟ್ ಸಾಕಾಯಿತು. ಚೆನ್ನಾಗಿಯೇ ಮಾಡಿತು. ತಪ್ಪು ಮಾಡಿದ್ದು ನಾನು.

ಅಕ್ಕನ ಮಷೀನಿನ ರೇವೋ ಪಟ್ಟಿಯಲ್ಲಿ ಒಂದು ಗುರುತಿಲ್ಲದ ಹೆಸರಿತ್ತು. ಇನ್‌ಸ್ಟಾಲ್ ಆಗಿ ಮೂರು ವರ್ಷ. ಯಾವುದೋ ಡೇಟಾ ಕಾರ್ಡಿನದ್ದು ಇರಬೇಕು ಅಂದುಕೊಂಡು ತೆಗೆದೆ, ಉಳಿಕೆಯನ್ನೂ ಗುಡಿಸಿದೆ. ಹನ್ನೆರಡು ದಿನ ಏನೂ ಆಗಲಿಲ್ಲ. 20ನೇ ತಾರೀಕು ಸಂಜೆ ಅಕ್ಕನ ಫೋನು. "ಡಿಎಸ್‌ಸಿ ತಗೋತಾನೇ ಇಲ್ಲ ಕಣೋ. ಏನ್ ಮಾಡಿದ್ದೀಯ?" ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಬೇಕಿತ್ತು, ಅವತ್ತೇ ಕೊನೇ ದಿನ. ಕಂಪನಿಗಳಿಗೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಬೇಕೇ ಬೇಕು. ನಾನು ಕಿತ್ತದ್ದು ಆ ಸಹಿ ಇರುವ ಯುಎಸ್‌ಬಿ ಟೋಕನ್ನಿನ ಸಾಫ್ಟ್‌ವೇರ್. ಟೋಕನ್ ಮೇಲೆ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು. ಅದನ್ನು ಡೌನ್‌ಲೋಡ್ ಮಾಡುವ ವೆಬ್‌ಸೈಟು ಅವತ್ತೇ ತೆವಳುತ್ತಿತ್ತು. ರಾತ್ರಿ ಹತ್ತೂವರೆಗೆ ರಿಟರ್ನ್ ಹೋಯಿತು. ಅಕ್ಕ ಊಟಕ್ಕೆ ಕರೆಯಲಿಲ್ಲ. ವಿಂಡೋಸನ್ನು ಹಳೇ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟ್ ಇತ್ತು ನಿಜ, ಆದರೆ ಹನ್ನೆರಡು ದಿನ ಹಿಂದಕ್ಕೆ ಹೋದರೆ ಈ ನಡುವೆ ಹಾಕಿದ ಸಾಫ್ಟ್‌ವೇರ್‌ಗಳೂ ಹೋಗುತ್ತವಲ್ಲ ಅಂತ ಧೈರ್ಯ ಬರಲಿಲ್ಲ.

ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಸಹಿ ಹಾಕಲು ಬೇಕಾದ ಎಂಸೈನರ್ ಕೂಡ ಅದೇ ಪಟ್ಟಿಯಲ್ಲಿತ್ತು, ಪುಣ್ಯಕ್ಕೆ ಮುಟ್ಟಿರಲಿಲ್ಲ. ಹಾಗೇ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್‌ಗಳು. 2008, 2010, 2013, 2015 ಅಂತ ಸಾಲಾಗಿ ನಿಂತಿರುತ್ತವೆ, ನೋಡಿದರೆ ಒಂದೇ ವಸ್ತು ಹತ್ತು ಸಲ ಇದ್ದ ಹಾಗೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಬೇರೆ ಬೇರೆ ವರ್ಷದ್ದನ್ನು ಕೇಳುತ್ತವೆ. ತೆಗೆದರೂ ಉಳಿಯೋದು ಕೆಲವೇ ಎಂಬಿ, ಸುಮ್ನೆ ಬಿಟ್ಟುಬಿಡಿ.

ನಾಲ್ಕನೆಯದು ಕೈಯಿಂದ ಅಳಿಸುವುದು. ಇದಕ್ಕೆ ನನ್ನ ಮತ ಇಲ್ಲವೇ ಇಲ್ಲ. ಹಿಂದೊಮ್ಮೆ ಲ್ಯಾಪ್‌ಟಾಪಿನಲ್ಲಿ ಹಳೇ ಸಿಡಿ ಬರ್ನಿಂಗ್ ಸಾಫ್ಟ್‌ವೇರಿನ ಒಂದು ಡ್ರೈವರ್ ಫೈಲನ್ನು ನೇರವಾಗಿ ಡಿಲೀಟ್ ಮಾಡಿದ್ದೆ. ರೀಸ್ಟಾರ್ಟ್ ಆದಾಗ ಡಿವಿಡಿ ಡ್ರೈವೇ ಮಾಯ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, ಕೋಡ್ 39. ಫೈಲ್ ಹೋಗಿದ್ದರೂ ರಿಜಿಸ್ಟ್ರಿಯ 'ಅಪ್ಪರ್‌ಫಿಲ್ಟರ್ಸ್' ಸಾಲಿನಲ್ಲಿ ಅದರ ಹೆಸರು ಉಳಿದಿತ್ತು. ವಿಂಡೋಸ್ ಆ ಹೆಸರು ಕರೆಯುತ್ತದೆ, ಓಗೊಡುವವರಿಲ್ಲ, ಡ್ರೈವ್ ಏಳುವುದಿಲ್ಲ. ಆ ಸಾಲು ಅಳಿಸಿದ ಮೇಲೆ ಸರಿಯಾಯಿತು. ಕೀಬೋರ್ಡಿನ ವಿಷಯದಲ್ಲಿ ಮಾತ್ರ ಹೀಗೆ ಇಡೀ ಸಾಲು ಅಳಿಸಬೇಡಿ. ಅಲ್ಲಿ ವಿಂಡೋಸ್‌ನದೇ ಕೀಬೋರ್ಡ್ ಡ್ರೈವರ್ ಕೆಬಿಡಿಕ್ಲಾಸ್ ಇರುತ್ತದೆ, ಅದು ಹೋದರೆ ಪಾಸ್‌ವರ್ಡ್ ಒತ್ತಲೂ ಕೀಬೋರ್ಡ್ ಇರಲ್ಲ. ಸಿ ಡ್ರೈವಿನ ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್ ಕೂಡ ಜಾಗ ತಿನ್ನುತ್ತದೆ ಅಂತ ಆಸೆ ಹುಟ್ಟಿಸುತ್ತದೆ. ಅದನ್ನು ಅಳಿಸಿದರೆ ಮುಂದೆ ಎಷ್ಟೋ ಸಾಫ್ಟ್‌ವೇರ್‌ಗಳು ಅಪ್‌ಡೇಟೂ ಆಗಲ್ಲ, ಅನ್‌ಇನ್‌ಸ್ಟಾಲೂ ಆಗಲ್ಲ.

ಗ್ರಾಫಿಕ್ಸ್ ಕಾರ್ಡ್ ಬದಲಿಸುವವರಿಗೆ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಬೇರೆಯೇ ಇದೆ. ನೆಟ್ ಕಿತ್ತು, ಸೇಫ್ ಮೋಡಿನಲ್ಲಿ ಓಡಿಸಬೇಕು. ಕಾರ್ಡ್ ಬದಲಿಸದೆ ಅದರ ತಂಟೆಗೆ ಹೋಗಬೇಕಿಲ್ಲ.

ಈಗ ನಾನು ಮಾಡುವುದು ಇಷ್ಟು. ಡ್ರೈವರ್‌ಗೆ ಡ್ರೈವರ್‌ಸ್ಟೋರ್ ಎಕ್ಸ್‌ಪ್ಲೋರರ್, ಸಾಫ್ಟ್‌ವೇರಿಗೆ ರೇವೋದ ಮಾಡರೇಟ್. ಸ್ಟಾರ್ಟ್ ಆಗುವಾಗ ಏಳುವ ಪ್ರೋಗ್ರಾಮುಗಳಲ್ಲಿ ಅನುಮಾನ ಬಂದರೆ ಅಳಿಸುವುದಿಲ್ಲ. ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ತೆರೆದು ಟಿಕ್ ತೆಗೆಯುತ್ತೇನೆ. ತೊಂದರೆಯಾದರೆ ಮತ್ತೆ ಟಿಕ್ ಹಾಕಿದರಾಯಿತು. ಬೂಟ್ ಆಗಲು ಬೇಕಾದ ಡ್ರೈವರ್‌ಗಳ ಟಿಕ್ ಮಾತ್ರ ಮುಟ್ಟುವುದಿಲ್ಲ. ಅಕ್ಕನ ಮಷೀನಿನಲ್ಲಿ ಈಗ 31 ಜಿಬಿ ಖಾಲಿ ಇದೆ. ಹೆಚ್ಚಿನದೆಲ್ಲ ಡೌನ್‌ಲೋಡ್ಸ್ ಫೋಲ್ಡರಿನಿಂದ ಬಂದಿದ್ದು ಅನ್ನೋದು ಬೇರೆ ಮಾತು. ಆಟೋರನ್ಸ್‌ನಲ್ಲಿ ಟಿಕ್ ತೆಗೆದ ಮೂರು ಸಾಲು ಹಾಗೇ ಇವೆ. "ಮುಂದಿನ 20ನೇ ತಾರೀಕು ದಾಟಲಿ, ಆಮೇಲೆ ಮುಟ್ಟು" ಅಂದಿದ್ದಾಳೆ ಅಕ್ಕ.