ಉಳುಕಿದ ಕಾಲು: ನಾಟಿ ವೈದ್ಯರು, ಮೂಳೆ ಡಾಕ್ಟರ್, ಫಿಸಿಯೋ

ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುತ್ತಿದ್ದೆ. ನಂದಿ ದಾಟಿ ಸ್ವಲ್ಪ ಕೆಳಗೆ ಬಲಪಾದ ಒಳಕ್ಕೆ ಹೊರಳಿತು. ಮನೆ ಸೇರುವಷ್ಟರಲ್ಲಿ ಹೊರಗಿನ ಗಿಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಊತ.

"ಉಳುಕು ತೆಗೆಸ್ಕೊಂಡು ಬಾ, ಸಾಕು" ಅಂದರು ಅತ್ತೆ. ಹೋದೆ. ನಾಟಿ ವೈದ್ಯರು ಬಿಸಿ ಎಣ್ಣೆ ಹಾಕಿ ನೀವಿ, ಹೆಬ್ಬೆರಳು ಹಿಡಿದು ಒಮ್ಮೆ ಎಳೆದರು. ಇನ್ನೂರು ರೂಪಾಯಿ. ಒಳ್ಳೆಯ ಮನುಷ್ಯ, ಕಾಫಿ ಕೂಡ ಕೊಟ್ಟರು. ಆದರೆ ಮೂಳೆ ಮುರಿದಿದೆಯೋ ಇಲ್ಲವೋ ಅಂತ ನೋಡದೆ ಎಳೆದದ್ದು ತಪ್ಪು. ರಾತ್ರಿಗೆ ಊತ ಇಮ್ಮಡಿ, ಪಾದವೆಲ್ಲ ನೀಲಿ. ಆಗಷ್ಟೇ ಆದ ಪೆಟ್ಟಿಗೆ ಬಿಸಿ, ತಿಕ್ಕಾಟ ಎರಡೂ ಬೇಡ ಅನ್ನೋದು ಆಮೇಲೆ ಗೊತ್ತಾಯಿತು.

ಮಾರನೇ ದಿನ ಮೂಳೆ ಡಾಕ್ಟರ್. ಗಿಣ್ಣಿನ ಹಿಂಭಾಗದ ಮೂಳೆಯನ್ನು ಬೆರಳಿಂದ ಒತ್ತಿದರು, ನಾಲ್ಕು ಹೆಜ್ಜೆ ನಡೆಯಿರಿ ಅಂದರು. ಇದು 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ಪರೀಕ್ಷೆ. ಅಲ್ಲಿ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಇಡಬಹುದು ಅಂದರೆ ಸಾಮಾನ್ಯವಾಗಿ ಎಕ್ಸ್‌ರೇ ಬೇಕಿಲ್ಲ. ನನಗೆ ಎಲ್ಲಿ ಮುಟ್ಟಿದರೂ ನೋವು, ಹಾಗಾಗಿ ಎಕ್ಸ್‌ರೇ ತಪ್ಪಲಿಲ್ಲ. ಮೂಳೆ ಸರಿಯಿತ್ತು, ಪೆಟ್ಟಾಗಿದ್ದು ಲಿಗಮೆಂಟಿಗೆ, ಅಂದರೆ ಮೂಳೆಗೆ ಮೂಳೆ ಬಿಗಿಯುವ ಪಟ್ಟಿಗೆ. ಅದು ಎಕ್ಸ್‌ರೇಯಲ್ಲಿ ಕಾಣಲ್ಲ. ಕ್ರೇಪ್ ಬ್ಯಾಂಡೇಜ್, ಮಾತ್ರೆ, ಐಸ್, "ಹತ್ತು ದಿನ ರೆಸ್ಟ್." ಮುಂದೇನು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತು ದಿನ ಸುಮ್ನೆ ಮಲಗಿದ್ದೆ. ಊತ ಇಳಿಯಿತು, ಕಾಲು ಮಾತ್ರ ನನ್ನದಲ್ಲ ಅನ್ನಿಸುತ್ತಿತ್ತು. ಸಮನೆಲದಲ್ಲೂ ವಾಲುತ್ತಿತ್ತು.

ಕೊನೆಗೆ ಫಿಸಿಯೋ, ಅಂದರೆ ವ್ಯಾಯಾಮ ಮಾಡಿಸಿ ಸರಿಪಡಿಸುವವರ ಹತ್ತಿರ ಹೋದೆ. ಅವರು ಮೊದಲು ಮಾಡಿಸಿದ್ದು ಒಂಟಿ ಕಾಲಲ್ಲಿ ನಿಲ್ಲುವುದು. ಎಡಗಾಲಲ್ಲಿ 30 ಸೆಕೆಂಡ್ ಆರಾಮ, ಬಲಗಾಲಲ್ಲಿ 4! ಪೆಟ್ಟಾದ ಕಾಲು ತೂಕ ಎತ್ತ ಬಿದ್ದಿದೆ ಅಂತ ಅರಿಯುವುದನ್ನೇ ಮರೆತಿರುತ್ತದೆ, ಮತ್ತೆ ಉಳುಕೋದು ಅದಕ್ಕೇ ಅಂತ ವಿವರಿಸಿದರು. ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿ ಕಾಲು. ಒಂದು ಸಲಕ್ಕೆ ಐನೂರು, ಆರು ಸಲ ಹೋದೆ. ಮೂವರಲ್ಲಿ ಇವರಿಗೇ ಜಾಸ್ತಿ ದುಡ್ಡಾಯಿತು, ಮನೆಯಲ್ಲಿ ಮಾಡದಿದ್ದರೆ ಅದೂ ದಂಡ.

ಇನ್ನೊಮ್ಮೆ ಉಳುಕಿದರೆ ಮೊದಲು ಡಾಕ್ಟರ್ ಹತ್ತಿರವೇ. ಮೂಳೆ ಸರಿ ಅಂತಾದರೆ ಮೂರ್ನಾಲ್ಕು ದಿನದಲ್ಲೇ ಫಿಸಿಯೋ. ನಾಟಿ ವೈದ್ಯರ ಹತ್ತಿರ ಕಾಫಿಗೆ ಹೋಗಬಹುದು.

ಎರಡು ತಿಂಗಳಾಯಿತು. ಬೆಟ್ಟ ಹತ್ತುತ್ತಿದ್ದೇನೆ. ಇಳಿಯೋದಕ್ಕೆ ಮಾತ್ರ ಇನ್ನೂ ಬಸ್ಸೇ.